ಮಗಳಿಗೆ ಟ್ರ್ಯಾಪ್ ಶೂಟಿಂಗ್ ಕಲಿಯಬೇಕಂತೆ. ಹಗುರ ಬಂದೂಕು ಯಾವುದು ಒಳ್ಳೇದು?

ಕಾರಟಗಿ ರೈತ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆ ಕಾರಟಗಿ ಕಡೆಯವನು. ಭತ್ತದ ಬೇಸಾಯ. ಮಗಳಿಗೆ 20 ವರ್ಷ, ಗಂಗಾವತಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ ಹೊಡೆದು ಬಂದಾಗಿನಿಂದ ಅವಳಿಗೆ ಬೇರೆ ಮಾತೇ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶ್ರೇಯಸಿ ಸಿಂಗ್, ರಾಜೇಶ್ವರಿ ಕುಮಾರಿ ಟ್ರ್ಯಾಪ್ ಹೊಡೆದದ್ದನ್ನು ಮೊಬೈಲಿನಲ್ಲಿ ನೋಡಿದಳು. ಹಾರುವ ಬಿಲ್ಲೆ ಹೊಡೆಯೋದನ್ನೇ ಕಲಿಯಬೇಕು ಅಂತ ಹಟ ಹಿಡಿದಿದ್ದಾಳೆ. ನನಗೂ ಕಲಿಸುವ ಆಸೆ ಇದೆ.

ತೊಂದರೆ ಏನೆಂದರೆ ಹುಡುಗಿ ಸಣ್ಣ ಆಳು. 4 ಅಡಿ 11 ಇಂಚು, 43 ಕೆಜಿ. ಮನೆಯಲ್ಲಿ ನಮ್ಮಪ್ಪನ ಕಾಲದ 12 ಬೋರ್ ಜೋಡಿ ನಳಿಗೆ ಬಂದೂಕು ನನ್ನ ಲೈಸನ್ಸಿನಲ್ಲಿದೆ. ಅದನ್ನು ಎತ್ತಿ ಹಿಡಿಯುವಷ್ಟರಲ್ಲೇ ಅವಳ ಎಡಗೈ ನಡುಗುತ್ತದೆ. ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಹೆಣ್ಮಕ್ಕಳಿಗಾದರೆ ಸಿಂಗಲ್ ಬ್ಯಾರಲ್ ತಗೊಳ್ಳಿ, ಎರಡೂವರೆ ಕೆಜಿ ಅಷ್ಟೇ, ಆರಾಮಾಗಿ ಎತ್ತುತ್ತಾಳೆ ಅಂದರು. ತಿಳಿದವರು ಹೇಳಿ, ಅದೇ ಸರಿನಾ? ಅದಕ್ಕಿಂತ ಹಗುರದ್ದು ಏನಾದರೂ ಇದೆಯಾ?

ಸಂಡೂರು ಮಂಜು

ಅಣ್ಣಾ, ನಾನು ಹೊಡೆದು ಅನುಭವ ಇರೋನಲ್ಲ, ಓದಿಕೊಂಡಿದ್ದು ಅಷ್ಟೇ. 12 ಬೋರ್ ಬೇಡ. 20 ಬೋರ್ ನೋಡಿ, ಇಲ್ಲಾಂದ್ರೆ .410. ಹೊರದೇಶದಲ್ಲಿ ಮಕ್ಕಳಿಗೆ ಅದನ್ನೇ ಕೊಡ್ತಾರಂತೆ. ನಳಿಗೆ ಸಣ್ಣದು, ತೂಕ ಕಡಿಮೆ, ಒದೆತ ಕಡಿಮೆ.

ರಾಯಚೂರು ಅಕ್ಕೋರು

ಅಣ್ಣಾ, ದಯವಿಟ್ಟು ಆ ಸಿಂಗಲ್ ಬ್ಯಾರಲ್‌ಗೆ ಅಡ್ವಾನ್ಸ್ ಕೊಡಬೇಡಿ. ಕೊಟ್ಟಿದ್ದರೆ ವಾಪಸ್ ಕೇಳಿ. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ. ನನ್ನ ಎತ್ತರ 5 ಅಡಿ, ತೂಕ 47. ನಿಮ್ಮ ಮಗಳು ಈಗ ನಿಂತಿರುವ ಜಾಗದಲ್ಲೇ ಹನ್ನೊಂದು ವರ್ಷದ ಹಿಂದೆ ನಾನೂ ನಿಂತಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮದು ಮಾನ್ವಿ ಹತ್ತಿರ ಹೊಲ. ಹೊಲದ ಮನೆ ಒಂಟಿ ಮನೆ ಅಂತ ನನ್ನ ಹೆಸರಿಗೇ ಲೈಸನ್ಸ್ ಮಾಡಿಸಿಕೊಂಡೆ. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೂ ಹೋದೆ. ಬಂದೂಕು ಕೊಳ್ಳುವಾಗ ನನಗೂ ಅಂಗಡಿಯವರು ಇದೇ ಮಾತು ಹೇಳಿದ್ದರು: ಮೇಡಂ, ನಿಮಗೆ ಹಗುರದ್ದೇ ಬೇಕು. ಎರಡೂವರೆ ಕೆಜಿಯ 12 ಬೋರ್ ಸಿಂಗಲ್ ಬ್ಯಾರಲ್ ತಂದೆ. ಜೊತೆಗೆ ಅವರು ಕೊಟ್ಟಿದ್ದು 32 ಗ್ರಾಂ ಛರ್‍ರೆ ತುಂಬಿದ ತೋಟಾ. ಛರ್‍ರೆ ಅಂದರೆ ತೋಟಾದೊಳಗಿನ ಸಣ್ಣ ಸೀಸದ ಗುಂಡುಗಳು. ಗ್ರಾಂ ಲೆಕ್ಕ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಫೈರಿಂಗ್ ರೇಂಜಿನಲ್ಲಿ ತರಬೇತಿಯವರ ಎದುರಲ್ಲೇ ಮೊದಲ ಸಲ ಹೊಡೆದೆ. ಮೊದಲನೇ ತೋಟಾಕ್ಕೆ ಎರಡು ಹೆಜ್ಜೆ ಹಿಂದೆ ಹೋದೆ. ಎರಡನೆಯದಕ್ಕೆ ಭುಜ ಜೋಮು ಹಿಡಿಯಿತು. ಮೂರನೆಯದಕ್ಕೆ ನನ್ನ ಹೆಬ್ಬೆರಳೇ ಬಂದು ಮೇಲ್ದುಟಿಗೆ ಬಡಿಯಿತು, ರಕ್ತ ಬಂತು. ಮರುದಿನ ಸೋಮವಾರ, ಒಂಬತ್ತನೇ ಕ್ಲಾಸು. ಬೋರ್ಡಿನ ಮೇಲಿನ ಸಾಲಿಗೆ ದಿನಾಂಕ ಬರೆಯೋಣ ಅಂತ ಕೈ ಎತ್ತಿದೆ. ಭುಜದಿಂದ ಮೇಲೆ ಕೈ ಏಳಲಿಲ್ಲ. ಸೀಮೆಸುಣ್ಣ ಬೆರಳಿನಿಂದ ಜಾರಿ ಬಿದ್ದು ಎರಡು ತುಂಡಾಯಿತು. ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು ಆರಿಸಿ ಕೊಟ್ಟಳು. ಮನೆಗೆ ಬಂದು ನೋಡಿದರೆ ಭುಜದ ತುಂಬಾ ನೇರಳೆ ಹಣ್ಣಿನ ಬಣ್ಣ. ಆಮೇಲೆ ಎಂಟು ತಿಂಗಳು ನಾನು ಆ ಬಂದೂಕು ಮುಟ್ಟಲಿಲ್ಲ. ಬೀರುವಿನಲ್ಲಿ ಅದು ಇದೆ ಅನ್ನೋದು ನೆನಪಾದರೇ ಕಣ್ಣು ಮುಚ್ಚಿಕೊಳ್ಳುವಂತಾಗುತ್ತಿತ್ತು.

ನನ್ನಿಂದ ಆಗಲ್ಲ, ನನ್ನ ಮೈಕಟ್ಟಿಗೆ ಇದಲ್ಲ ಅಂದುಕೊಂಡಿದ್ದೆ. ಆಮೇಲೆ ಹೈದರಾಬಾದಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗ ಅಲ್ಲಿನ ರೇಂಜಿಗೆ ಕರೆದುಕೊಂಡು ಹೋದ. ಕೋಚ್ ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಒಂದರ ಮೇಲೊಂದು ನಳಿಗೆ ಇರುವ ಮೂರೂವರೆ ಕೆಜಿಯ ಓವರ್-ಅಂಡರ್ ಕೈಗೆ ಕೊಟ್ಟರು. ಇದು ಇನ್ನೂ ಭಾರ ಸರ್ ಅಂದೆ. ಒಂದೇ ಒಂದು ಹೊಡೀರಿ ಅಂದರು. 24 ಗ್ರಾಂ ತೋಟಾ. ಹೊಡೆದೆ. ಯಾರೋ ಅಂಗೈಯಿಂದ ಭುಜ ತಳ್ಳಿದ ಹಾಗಾಯಿತು, ಅಷ್ಟೇ. ಅವತ್ತು 25 ಬಿಲ್ಲೆಯಲ್ಲಿ ನಾಲ್ಕು ಒಡೆದೆ. ರಾತ್ರಿ ರೈಲಿನಲ್ಲಿ ಬರುವಾಗ ನಿದ್ದೆಯೇ ಬರಲಿಲ್ಲ, ಅಷ್ಟು ಸಂತೋಷ.

ಯಾಕೆ ಹೀಗೆ? ತೋಟಾ ಎಷ್ಟು ಜೋರಾಗಿ ಮುಂದಕ್ಕೆ ಹೋಗುತ್ತದೋ ಅಷ್ಟೇ ಜೋರು ಬಂದೂಕಿಗೂ ಹಿಂದಕ್ಕೆ ಸಿಗುತ್ತದೆ. ಬಂದೂಕು ಭಾರ ಇದ್ದರೆ ನಿಧಾನಕ್ಕೆ ಬರುತ್ತದೆ, ಹಗುರ ಇದ್ದರೆ ಹಾರಿ ಬಂದು ಬಡಿಯುತ್ತದೆ. ನೀವು ಭತ್ತದವರು, ನಿಮಗೆ ಗೊತ್ತಿರುವ ಮಾತೇ ಹೇಳುತ್ತೇನೆ. ಕಾಲುವೆ ರಸ್ತೆ ಗುಂಡಿಯಲ್ಲಿ ಖಾಲಿ ಟ್ರ್ಯಾಲಿ ಹೇಗೆ ಕುಣಿಯುತ್ತದೆ? ಚೀಲ ತುಂಬಿದ ಟ್ರ್ಯಾಲಿ ಹಾಗೆ ಕುಣಿಯುತ್ತದಾ?

ಲೆಕ್ಕ ಮಾಡಿ ನೋಡಿ. ತೋಟಾ ಒಂದೇ ಇದ್ದು ಬಂದೂಕು ಮೂರೂವರೆ ಕೆಜಿಯಿಂದ ಎರಡೂವರೆಗೆ ಇಳಿದರೆ ಭುಜಕ್ಕೆ ಬರುವ ಶಕ್ತಿ 40 ಪರ್ಸೆಂಟ್ ಜಾಸ್ತಿ. ಅದೇ ವೇಗದಲ್ಲಿ 24 ಗ್ರಾಂ ಬದಲು 32 ಗ್ರಾಂ ಹೊಡೆದರೆ ಹತ್ತಿರ ಹತ್ತಿರ 80 ಪರ್ಸೆಂಟ್ ಜಾಸ್ತಿ. ಎರಡೂ ಸೇರಿದರೆ ಸುಮಾರು ಎರಡೂವರೆ ಪಟ್ಟು. ನನ್ನ ಭುಜ ಮೊದಲ ದಿನ ತಿಂದದ್ದು ಅದನ್ನೇ. ಹಾಗಾಗಿ ಬಂದೂಕು ಹಗುರ ಮಾಡಬೇಡಿ ಅಣ್ಣಾ, ತೋಟಾ ಹಗುರ ಮಾಡಿ. ಅಂತರರಾಷ್ಟ್ರೀಯ ಟ್ರ್ಯಾಪ್, ಸ್ಕೀಟ್ (ಅದೂ ಹಾರುವ ಬಿಲ್ಲೆ ಹೊಡೆಯುವ ಆಟವೇ) ನಿಯಮದಲ್ಲೂ 24 ಗ್ರಾಂಗಿಂತ ಜಾಸ್ತಿ ತುಂಬುವ ಹಾಗಿಲ್ಲ. ಒಲಿಂಪಿಕ್ಸ್‌ಗೆ ಸಾಕಾಗುವ ತೋಟಾ ಕಲಿಯುವ ಹುಡುಗಿಗೆ ಸಾಲದಾ?

ಇನ್ನೊಂದು. ಟ್ರ್ಯಾಪ್‌ನಲ್ಲಿ ಮೊದಲ ಏಟು ತಪ್ಪಿದರೆ ಅದೇ ಬಿಲ್ಲೆಗೆ ಎರಡನೇ ಏಟಿಗೆ ಅವಕಾಶ ಇರುತ್ತದೆ. ಸಿಂಗಲ್ ಬ್ಯಾರಲ್ ಇಟ್ಟುಕೊಂಡರೆ ಆ ಅವಕಾಶವೇ ಹೋಯಿತು.

ಈಗ ಕೈ ನಡುಗುವ ವಿಚಾರ. ನಡುಕಕ್ಕೆ ತೂಕ ಒಂದೇ ಕಾರಣ ಅಲ್ಲ. ತುಂಬಿದ ಕೊಡ ಸೊಂಟದ ಮೇಲಿದ್ದರೆ ಅರ್ಧ ಮೈಲಿ ನಡೀತೀವಿ. ಅದೇ ಕೊಡ ಕೈ ಚಾಚಿ ಹಿಡಿದರೆ ಹತ್ತು ಎಣಿಸೋದರಲ್ಲಿ ಕೈ ಬಿದ್ದುಹೋಗುತ್ತದೆ. ಬಂದೂಕಿನ ಬಟ್, ಅಂದರೆ ಹಿಂದಿನ ಮರ, ಉದ್ದ ಆದರೆ ಇಡೀ ಬಂದೂಕು ಮೈಯಿಂದ ದೂರ ಹೋಗುತ್ತದೆ. ಎಡಗೈ ಪೂರ್ತಿ ಚಾಚಬೇಕು. ಆಗ ಸಣ್ಣ ಆಳು ಸಮತೋಲಕ್ಕೆ ಸೊಂಟ ಮುಂದೆ ಮಾಡಿ ಬೆನ್ನು ಹಿಂದಕ್ಕೆ ವಾಲಿಸುತ್ತಾರೆ. ಹಾಗೆ ವಾಲಿ ನಿಂತವರನ್ನು ಒದೆತ ಇನ್ನೂ ಹಿಂದಕ್ಕೆ ತಳ್ಳುತ್ತದೆ. ನನಗೆ ಆದದ್ದೂ ಇದೇ. ಅಂಗಡಿಯಲ್ಲಿ ಸಿಗುವ ಬಂದೂಕಿನ ಬಟ್ ಸಾಮಾನ್ಯವಾಗಿ ಟ್ರಿಗರ್‌ನಿಂದ ಹಿಂದಿನ ತುದಿಗೆ 14 ಇಂಚಿನ ಮೇಲೆಯೇ ಇರುತ್ತದೆ. ದೊಡ್ಡ ಗಂಡಸಿನ ಅಳತೆ ಅದು. ನನ್ನ ಬಂದೂಕಿನದು ಈಗ 13 ಕಾಲು. ನಿಮ್ಮ ಮಗಳಿಗೆ ಇನ್ನೂ ಕಡಿಮೆ ಬೇಕಾಗಬಹುದು.

ಮನೆಯಲ್ಲೇ ಒಂದು ಅಂದಾಜು ನೋಡಿ. ಬಂದೂಕನ್ನು ಕೀಲಿನಲ್ಲಿ ಬಾಗಿಸಿ ತೆರೆದು ಎರಡೂ ನಳಿಗೆ ಖಾಲಿ ಇವೆ ಅಂತ ನೀವೂ ನೋಡಿ, ಅವಳೂ ನೋಡಲಿ. ತೋಟಾ ಬೇರೆ ಕೋಣೆಯಲ್ಲಿರಲಿ. ಬಂದೂಕನ್ನು ಭುಜಕ್ಕೆ ಇಟ್ಟು ಕೆನ್ನೆ ಮರಕ್ಕೆ ತಾಗಿಸಿದಾಗ ಅವಳ ಮೂಗಿಗೂ ಬಲಗೈ ಹೆಬ್ಬೆರಳಿಗೂ ನಡುವೆ ಎರಡು ಬೆರಳಿನಷ್ಟು ಜಾಗ ಇರಬೇಕು. ನಾಲ್ಕು ಬೆರಳು ಇದ್ದರೆ ಬಟ್ ಉದ್ದ ಆಯಿತು. ಜಾಗವೇ ಇಲ್ಲ ಅಂದರೆ ಗಿಡ್ಡ, ಹೆಬ್ಬೆರಳು ಬಂದು ಮುಖಕ್ಕೆ ಬಡಿಯುತ್ತದೆ. ನನ್ನದು ಉದ್ದ ಇದ್ದರೂ ಬಡಿಯಿತಲ್ಲ ಅಂತ ಕೇಳಬಹುದು. ಉದ್ದ ಅಂತ ನಾನೇ ಕತ್ತು ಚಾಚಿ ಮುಖ ಮುಂದೆ ಒಯ್ದಿದ್ದೆ.

ಹೆಣ್ಮಕ್ಕಳ ವಿಷಯದಲ್ಲಿ ಯಾರೂ ಹೇಳದ ಒಂದು ಮಾತಿದೆ. ಬಟ್‌ನ ಕೆಳಗಿನ ಮೂಲೆ ಎದೆಗೆ ಚುಚ್ಚುತ್ತದೆ. ಆ ನೋವು ತಪ್ಪಿಸಿಕೊಳ್ಳಲು ಹುಡುಗಿಯರು ಬಂದೂಕನ್ನು ಭುಜದ ಗುಳಿಯಿಂದ ಹೊರಗೆ, ತೋಳಿನ ಮೇಲೆ ಇಟ್ಟುಕೊಳ್ಳುತ್ತಾರೆ. ತೋಳಿನ ಮೇಲೆ ಮಾಂಸ ಕಡಿಮೆ, ಅಲ್ಲಿ ಬಿದ್ದ ಏಟು ನೇರ ಮೂಳೆಗೆ. ಆ ಮೂಲೆಯನ್ನು ಸ್ವಲ್ಪ ಓರೆಯಾಗಿ ಕತ್ತರಿಸಿ ಉಜ್ಜಿ ದಪ್ಪ ರಬ್ಬರ್ ಪ್ಯಾಡ್ ಹಾಕಿದರೆ ಸರಿಹೋಗುತ್ತದೆ. ಇದನ್ನು ಮಗಳು ಅಪ್ಪನ ಹತ್ತಿರ ಬಾಯಿ ಬಿಟ್ಟು ಹೇಳಲಿಕ್ಕಿಲ್ಲ. ಅವಳ ತಾಯಿಯ ಕೈಲಿ ಕೇಳಿಸಿ.

ಮೊದಲ ಆರು ತಿಂಗಳು ಬಂದೂಕು ಕೊಳ್ಳಲೇಬೇಡಿ. ರೇಂಜಿನ ಬಂದೂಕಿನಲ್ಲೇ ಕಲಿಯಲಿ. ಮೊದಲ ದಿನ ಹತ್ತು ತೋಟಾ ಸಾಕು, ಇನ್ನೂ ಹೊಡೀತೀನಿ ಅಂದರೂ ನಿಲ್ಲಿಸಿ. ಕಿವಿಗೆ ಒಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿಸಿ. ಹೊಸಬರು ಬೆಚ್ಚೋದು ಅರ್ಧ ಏಟಿಗೆ, ಅರ್ಧ ಸದ್ದಿಗೆ. ಕೈಗೆ ಬಲ ಬರಲು ಮನೆಯಲ್ಲಿ ಒನಕೆ ಇದ್ದರೆ ತೆಗೆಯಿರಿ. ಅದನ್ನು ಸೊಂಟದಿಂದ ಭುಜಕ್ಕೆ ಏರಿಸಿ, ಎರಡು ಉಸಿರಿನಷ್ಟು ಹೊತ್ತು ಹಿಡಿದು, ಇಳಿಸಬೇಕು. ದಿನಾ ಬೆಳಿಗ್ಗೆ 30 ಸಲ. ನಾನು ಈಗಲೂ ಮಾಡುತ್ತೇನೆ.

ಸಂಡೂರು ಮಂಜು

ಅಕ್ಕಾ, ನಿಮ್ಮ ಲೆಕ್ಕ ಒಪ್ಪಿದೆ. ಆದರೆ 20 ಬೋರ್‌ನಲ್ಲಿ ತೋಟಾ ಹೇಗೂ ಸಣ್ಣದಲ್ವಾ? ಅದಾದರೂ ಆಗಲ್ವಾ?

ರಾಯಚೂರು ಅಕ್ಕೋರು

ಮಂಜು, 20 ಬೋರ್ ಕೆಟ್ಟದ್ದಲ್ಲ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮ 12 ಗುಂಡು ಮಾಡಿದರೆ ಒಂದು ಗುಂಡಿನ ಅಗಲ 12 ಬೋರ್, 20 ಗುಂಡು ಮಾಡಿದರೆ 20 ಬೋರ್. ಅದಕ್ಕೇ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣ. 20 ಬೋರ್ ತೋಟಾದಲ್ಲೂ 24 ಗ್ರಾಂ ಬರುತ್ತದೆ. ಆದರೆ 20 ಬೋರ್ ಬಂದೂಕು ಸುಮಾರು ಮುಕ್ಕಾಲು ಕೆಜಿ ಹಗುರ. ಅದೇ 24 ಗ್ರಾಂ, ಹಗುರ ಬಂದೂಕು, ಅಂದರೆ ಒದೆತ ಮತ್ತೆ ಜಾಸ್ತಿ. ಹಾಗಾಗಿ ಆ ದಾರಿಯಲ್ಲಿ ಲಾಭ ಇಲ್ಲ. ನಮ್ಮ ಕಡೆ ಅಂಗಡಿಗಳಲ್ಲಿ 20 ಬೋರ್ ತೋಟಾ ಕೇಳಿ ಕೇಳಿ ನನಗೇ ಸಾಕಾಗಿದೆ. ತೋಟಾ ಇಲ್ಲದೆ ಅಭ್ಯಾಸ ಎಲ್ಲಿಂದ ಬಂತು?

.410 ಇನ್ನೂ ಸಣ್ಣದು. ಎರಡೂವರೆ ಇಂಚಿನ ತೋಟಾದಲ್ಲಿ ಛರ್‍ರೆ 14 ಗ್ರಾಂ ಇದ್ದರೆ ಹೆಚ್ಚು. ಒದೆತ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಬಿಲ್ಲೆ ಅಗಲ 11 ಸೆಂಟಿಮೀಟರ್, ಅದು ಹಾರುತ್ತಾ ದೂರ ಹೋಗುತ್ತಿರುತ್ತದೆ. ಅಷ್ಟು ಕಡಿಮೆ ಛರ್‍ರೆಯಲ್ಲಿ ಅದನ್ನು ಒಡೆಯೋದು ಪಳಗಿದವರ ಕೆಲಸ. ಹೊಸ ಹುಡುಗಿ 25ಕ್ಕೆ ಸೊನ್ನೆ ಹೊಡೆದರೆ ಮುಂದಿನ ವಾರ ಬರುತ್ತಾಳಾ?

ಮತ್ತೆ ಒಂದು ಎಚ್ಚರಿಕೆ, ಮನೆಯಲ್ಲಿ ಎರಡು ಬೋರ್ ಇಟ್ಟುಕೊಳ್ಳುವ ಎಲ್ಲರಿಗೂ. 20 ಬೋರ್ ತೋಟಾ ಕೈತಪ್ಪಿ 12 ಬೋರ್ ನಳಿಗೆಗೆ ಬಿದ್ದರೆ ಅದು ಜಾರಿ ಮುಂದೆ ಹೋಗಿ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ನಳಿಗೆ ಖಾಲಿ ಅಂದುಕೊಂಡು ಹಿಂದೆ 12 ಬೋರ್ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ, ಎಡಗೈ ಹೋಗುತ್ತದೆ. 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಡೋದು ಇದಕ್ಕೇ. ಒಂದೇ ಜೇಬಿನಲ್ಲಿ ಎರಡನ್ನೂ ಯಾವತ್ತೂ ಹಾಕಬೇಡಿ.

ಕುಷ್ಟಗಿ ಹವಾಲ್ದಾರ್, ನಿವೃತ್ತ

ಅಕ್ಕೋರು ಹೇಳಿದ್ದಕ್ಕೆ ನನ್ನದು ಎರಡು ಮಾತು ಸೇರಿಸುತ್ತೇನೆ.

ಮೊದಲು ಹುಡುಗಿಯ ಕಣ್ಣು ಪರೀಕ್ಷೆ ಮಾಡಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ ಕೈ ಚಾಚಲಿ. ಎರಡೂ ಕಣ್ಣು ತೆರೆದು ಆ ಕಿಂಡಿಯಲ್ಲಿ ದೂರದ ಲೈಟು ಕಂಬ ನೋಡಲಿ. ಆಮೇಲೆ ಎಡಗಣ್ಣು ಮುಚ್ಚಲಿ. ಕಂಬ ಕಿಂಡಿಯಲ್ಲೇ ಇದ್ದರೆ ಬಲಗಣ್ಣು ಯಜಮಾನ. ಕಂಬ ಮಾಯವಾದರೆ ಎಡಗಣ್ಣು ಯಜಮಾನ. ಬಲಗೈಯವರಿಗೆ ಎಡಗಣ್ಣು ಯಜಮಾನ ಆಗಿದ್ದರೆ ಬಂದೂಕು ಎಷ್ಟೇ ಒಳ್ಳೇದಿರಲಿ, ಏಟು ಪಕ್ಕಕ್ಕೆ ಹೋಗುತ್ತದೆ. ಹೊಸಬಳಾದ್ದರಿಂದ ಎಡಭುಜಕ್ಕೆ ಬಂದೂಕು ಇಟ್ಟು ಶುರು ಮಾಡಿದರೂ ಆಗುತ್ತದೆ, ಇನ್ನೂ ಕೈ ರೂಢಿ ಬಿದ್ದಿಲ್ಲವಲ್ಲ.

ಇನ್ನು ಕಾಯಿದೆ. 1959ರ ಆಯುಧ ಕಾಯಿದೆ ಪ್ರಕಾರ 21 ತುಂಬದೆ ಸ್ವಂತಕ್ಕೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ತರಬೇತಿ ಪಡೆಯಲು ಮಾತ್ರ ಅದಕ್ಕಿಂತ ಚಿಕ್ಕವರಿಗೂ ಅವಕಾಶ ಇದೆ. ನೀವು ನಿಮ್ಮ ಲೈಸನ್ಸಿನಲ್ಲಿ ಇನ್ನೊಂದು ಬಂದೂಕು ಕೊಂಡು ಮಗಳ ಕೈಗೆ ಕೊಟ್ಟು ಬಸ್ಸಿಗೆ ಹತ್ತಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ, ಇಬ್ಬರ ಮೇಲೂ ಕೇಸಾಗುತ್ತದೆ. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹತ್ತಿರ ಎರಡೇ ಬಂದೂಕು ಅನ್ನೋದೂ ನೆನಪಿರಲಿ. ಭಾರ ಜಾಸ್ತಿ ಅಂತ ಯಾರಾದರೂ ನಳಿಗೆ ಕತ್ತರಿಸಿ ಕೊಡ್ತೀನಿ ಅಂದರೆ ಅಲ್ಲಿಂದ ಎದ್ದು ಬನ್ನಿ. ನಳಿಗೆ ಗಿಡ್ಡ ಮಾಡೋದು ಅಪರಾಧ. ಬಟ್ ಮರ ಕಡಿಮೆ ಮಾಡಿಸಬಹುದು, ಅದನ್ನೂ ಲೈಸನ್ಸ್ ಇರುವ ರಿಪೇರಿಯವರ ಹತ್ತಿರವೇ ಮಾಡಿಸಿ.

ಕಾರಟಗಿ ರೈತ

ಅಕ್ಕೋರೇ, ಹವಾಲ್ದಾರ್ ಸಾಹೇಬ್ರೇ, ನಿಮ್ಮಿಬ್ಬರ ಋಣ ದೊಡ್ಡದು. ಅಡ್ವಾನ್ಸ್ ಕೊಟ್ಟಿರಲಿಲ್ಲ, ಸದ್ಯ. ಟ್ರ್ಯಾಲಿ ಮಾತು ಓದಿದ ಕೂಡಲೇ ನನಗೆ ವಿಷಯ ತಿಳಿಯಿತು.

ಕಣ್ಣು ನೋಡಿದೆವು, ಬಲಗಣ್ಣೇ ಯಜಮಾನ. ಬೆರಳು ಇಟ್ಟು ನೋಡಿದರೆ ಮೂಗಿಗೂ ಹೆಬ್ಬೆರಳಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ಹೋಗುತ್ತವೆ. ನಮ್ಮ ಬಂದೂಕು ಅಕ್ಕಿ ತೂಗುವ ಕಾಟಾದಲ್ಲಿ 3 ಕೆಜಿ 50 ಗ್ರಾಂ ಬಂತು. ಒಂದು ಪ್ರಶ್ನೆ. ರಬ್ಬರ್ ಪ್ಯಾಡ್ ಹಾಕಿಸಿ, ಬಟ್ ಕಡಿಮೆ ಮಾಡಿಸಿ, 21 ತುಂಬಿದ ಮೇಲೆ ಇದನ್ನೇ ಅವಳಿಗೆ ಕೊಟ್ಟರೆ ಆಗಲ್ವಾ? ಇಂಗ್ಲೆಂಡಿನ ಬಂದೂಕು, ಒಳ್ಳೆ ಕೆಲಸ. 2024ರ ಲೋಕಸಭೆ ಚುನಾವಣೆಗೆ ಠಾಣೆಗೆ ಕೊಟ್ಟು ವಾಪಸ್ ತಂದಾಗಿನಿಂದ ಆಯುಧ ಪೂಜೆಗೆ ಬಿಟ್ಟರೆ ಹೊರಗೆ ತೆಗೆದಿಲ್ಲ. ಅದಕ್ಕೂ ಮೊದಲು ಹೊಲದಲ್ಲಿ ಹಂದಿ ಬೆದರಿಸಲು ಗಾಳಿಯಲ್ಲಿ ಹೊಡೆಯುತ್ತಿದ್ದೆ.

ರಾಯಚೂರು ಅಕ್ಕೋರು

ಅಣ್ಣಾ, ಇಂಗ್ಲೆಂಡಿನದು, ಹಳೇದು ಅಂದಿರಲ್ಲ, ಇದನ್ನು ಈಗಲೇ ನೋಡಿ. ನಳಿಗೆ ಬಿಚ್ಚಿ ತಿರುಗಿಸಿ. ತಳಭಾಗದಲ್ಲಿ, ತೋಟಾ ಕೂರುವ ಜಾಗದ ಹತ್ತಿರ, ಸಣ್ಣ ಮುದ್ರೆಗಳಿರುತ್ತವೆ. ಬಟ್ಟೆಗೆ ಸ್ವಲ್ಪ ಎಣ್ಣೆ ಹಾಕಿ ಒರೆಸಿ ಬ್ಯಾಟರಿ ಬಿಟ್ಟು ಓದಿ. 2¾ ಇಂಚು ಅಥವಾ 70 ಅಂತ ಇದೆಯಾ, 2½ ಅಥವಾ 65 ಅಂತ ಇದೆಯಾ?

ಯಾಕೆ ಕೇಳುತ್ತೇನೆ ಅಂದರೆ ಎಷ್ಟೋ ಹಳೆ ಇಂಗ್ಲಿಷ್ ಬಂದೂಕುಗಳಲ್ಲಿ ತೋಟಾ ಕೂರುವ ಕೋಣೆ 2½ ಇಂಚಿನದು. ಈಗಿನ ತೋಟಾ ಹೆಚ್ಚಾಗಿ 70 ಮಿಲಿಮೀಟರ್. ಹಾಕಿದರೆ ಒಳಗೆ ಸಲೀಸಾಗಿ ಕೂರುತ್ತದೆ, ಬಂದೂಕು ಮುಚ್ಚುತ್ತದೆ, ಅದೇ ಮೋಸ. 70 ಅನ್ನೋದು ಹೊಡೆದ ಮೇಲೆ ತೋಟಾದ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಮಡಚಿದ ಬಾಯಿ ಬಿಚ್ಚಿಕೊಳ್ಳಲು ಗಿಡ್ಡ ಕೋಣೆಯಲ್ಲಿ ಜಾಗ ಸಾಲದೆ ನಳಿಗೆಯ ಕಿರಿದಾದ ಜಾಗಕ್ಕೆ ಹೋಗಿ ದಾರಿ ಕಟ್ಟುತ್ತದೆ. ಒಳಗಿನ ಒತ್ತಡ ಏರುತ್ತದೆ. ಹತ್ತು ಸಲ ಏನೂ ಆಗದೇ ಇರಬಹುದು.

ಕಾರಟಗಿ ರೈತ

ಅಕ್ಕೋರೇ, ನೋಡಿದೆ. ಮಗಳೇ ಬ್ಯಾಟರಿ ಹಿಡಿದಳು. ಎರಡೂ ನಳಿಗೆಯ ಮೇಲೆ 2½ ಅಂತ ಇದೆ. ಟ್ರಂಕಿನಲ್ಲಿರುವ ತೋಟಾ ಡಬ್ಬಿಯ ಮೇಲೆ 70 ಅಂತ ಇದೆ. ಏಳೆಂಟು ವರ್ಷ ನಾನು ಇದನ್ನೇ ಹೊಡೆದಿದ್ದೇನೆ. ಒಂದೆರಡು ಸಲ ಮಗಳು ಪಕ್ಕದಲ್ಲೇ ನಿಂತಿದ್ದಳು. ಇದನ್ನು ಬರೆಯುವಾಗಲೂ ನನ್ನ ಕೈ ತಣ್ಣಗಿದೆ.

ಡಬ್ಬಿ ಕಟ್ಟಿ ಬೇರೆ ಇಟ್ಟಿದ್ದೇನೆ. ಬಂದೂಕಿಗೆ ಬೀಗ ಹಾಕಿದೆ. ಸೋಮವಾರ ಲೈಸನ್ಸ್ ಸಮೇತ ರಿಪೇರಿಯವರ ಹತ್ತಿರ ಒಯ್ದು ನಳಿಗೆ ಪರೀಕ್ಷೆ ಮಾಡಿಸುತ್ತೇನೆ. ಅಲ್ಲಿಯವರೆಗೆ ಯಾರೂ ಮುಟ್ಟಲ್ಲ.

ಅಮ್ಮನ ಹಳೇ ಒನಕೆ ಅಟ್ಟದ ಮೇಲಿತ್ತು, ಇಳಿಸಿ ಕೊಟ್ಟೆ. ಇವತ್ತು ಬೆಳಿಗ್ಗೆ ಹದಿನೆಂಟು ಸಲ ಏರಿಸಿ ಕೂತಳು. ನೀವು ಹೇಳಿದ ಎದೆಯ ವಿಚಾರ ಅವಳ ತಾಯಿ ಕೇಳಿದಳು. ಹೌದಂತೆ, ಕ್ಯಾಂಪಿನಲ್ಲೂ ಚುಚ್ಚುತ್ತಿತ್ತಂತೆ, ಹೇಳಿಯೇ ಇರಲಿಲ್ಲ. ಬರುವ ತಿಂಗಳು ಅವಳ ಪರೀಕ್ಷೆ ಮುಗಿಯುತ್ತದೆ. ಹೈದರಾಬಾದಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಹೆಸರು ನೋಂದಾಯಿಸಲು ಏನೇನು ಕಾಗದ ಬೇಕು ಅಂತ ಸ್ವಲ್ಪ ಹೇಳಿ ಅಕ್ಕೋರೇ.

ರಾಯಚೂರು ಅಕ್ಕೋರು

ಆಧಾರ್, ನಾಲ್ಕು ಫೋಟೋ, ಎನ್‌ಸಿಸಿ ಸರ್ಟಿಫಿಕೇಟ್ ಇಟ್ಟುಕೊಂಡಿರಿ. ಉಳಿದದ್ದು ರೇಂಜಿಗೆ ಫೋನ್ ಮಾಡಿ ಕೇಳಿಕೊಂಡು ಇಲ್ಲೇ ಹಾಕುತ್ತೇನೆ. ಹೋಗುವ ದಿನ ತಿಳಿಸಿ ಅಣ್ಣಾ. ಭಾನುವಾರ ಆದರೆ ನಾನೂ ರಾಯಚೂರಿನಲ್ಲಿ ನಿಮ್ಮ ಜೊತೆ ಹತ್ತುತ್ತೇನೆ. ಮೊದಲ ತೋಟಾ ಹೊಡೆಯುವಾಗ ಅವಳ ಬೆನ್ನ ಹಿಂದೆ ನಿಂತಿರುತ್ತೇನೆ.